ಬೇವಿನ ಮರದ ಕೆಳಗಿನ ಐದು ಕಲ್ಲು

ಬಾಗಲಕೋಟೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ, ಒಂದು ಬೇವಿನ ಮರದ ಚಿತ್ರ ತೂಗುಹಾಕಿದೆ. ನಾನೇ ಬರೆದದ್ದು. ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಅದು ಕಣ್ಣಿಗೆ ಬೀಳುತ್ತದೆ. ಭಾಳ ಛಲೋ ಬಂದಿದೆ ಅನ್ನುತ್ತಾರೆ, ನೋಡಿದರೆ ಮನಸ್ಸು ತಂಪಾಗುತ್ತದೆ ಅನ್ನುತ್ತಾರೆ. ಆ ಹೊಗಳಿಕೆ ಕೇಳಿ ನನ್ನ ಮುಖ ಹುಳ್ಳಗಾಗುತ್ತದೆ. ಚಹಾ ತರುವ ನೆವ ಮಾಡಿ ಒಳಗೆ ಹೋಗಿಬಿಡುತ್ತೇನೆ. ಯಾಕೆ ಎಂದು ಇಷ್ಟು ದಿನ ಯಾರಿಗೂ ಹೇಳಿಲ್ಲ. ಹೆಂಡತಿಗೆ ಗೊತ್ತು, ಆದರೆ ಆಕೆಗೂ ಅರ್ಧವೇ ಗೊತ್ತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಸಿಟ್ಟು ನನಗೆ ಮೂಗಿನ ತುದಿಯಲ್ಲಿ. ಲೆಕ್ಕ ತಪ್ಪಿದ ಹುಡುಗರ ಮೇಲೆ, ಸೀಮೆಸುಣ್ಣ ತಡವಾಗಿ ತಂದ ಜವಾನರ ಮೇಲೆ, ಸಾರಿಗೆ ಉಪ್ಪು ಕಡಿಮೆಯಾದರೆ ಮನೆಯವಳ ಮೇಲೆ, ಯಾರೂ ಸಿಗದಿದ್ದರೆ ರೇಡಿಯೋದ ಮೇಲೆ. ನಾಲ್ಕು ವರ್ಷದ ಹಿಂದೆ ಒಂದು ದಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರ ಮೇಲೆ ಹರಿಹಾಯ್ದೆ. ಅವರು ಮಾಡಿದ ಅಪರಾಧವೆಂದರೆ ವೇಳಾಪಟ್ಟಿಯಲ್ಲಿ ನನ್ನ ಎರಡು ಪಿರಿಯಡ್ಡುಗಳನ್ನು ಊಟದ ನಂತರಕ್ಕೆ ಹಾಕಿದ್ದು. ಕೂಗುತ್ತ ಕೂಗುತ್ತಲೇ ಕಣ್ಣಿಗೆ ಕತ್ತಲೆ ಬಂದು ಬೆಂಚಿನ ಮೇಲೆ ಕುಸಿದೆ. ಬೈಸಿಕೊಂಡ ಆ ಮನುಷ್ಯನೇ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಒಯ್ದ. ದಾರಿಯುದ್ದಕ್ಕೂ ಅವನ ಹೆಗಲು ಹಿಡಿದು ಕೂತಿದ್ದ ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಡಾಕ್ಟರು ರಕ್ತದೊತ್ತಡಕ್ಕೆ ಗುಳಿಗೆ ಬರೆದರು. ಆಮೇಲೆ ಕೈಗೆ ಕೆಲಸ, ಬಾಯಿಗೆ ಬಿಡುವು ಇರುವಂಥದ್ದು ಏನಾದರೂ ಮಾಡಿರಿ ಎಂದರು. ಚಿಕ್ಕವನಿದ್ದಾಗ ಏನು ಇಷ್ಟವಿತ್ತು ಎಂದು ಕೇಳಿದರು. ಚಿತ್ರ ಬರೆಯುವುದು ಎಂದೆ. ನನಗೇ ಆಶ್ಚರ್ಯವಾಯಿತು, ಮರೆತು ನಲವತ್ತು ವರ್ಷವಾಗಿತ್ತು. ನಮ್ಮದು ಅಜ್ಜನ ಕಾಲದಿಂದ ಓದು, ಪಾಠ ಅಂತ ಬದುಕಿದ ಮನೆ. ಅಪ್ಪನ ದೃಷ್ಟಿಯಲ್ಲಿ ಚಿತ್ರ ಬರೆಯುವುದೆಂದರೆ ಹಾಳೆ ಹಾಳುಮಾಡುವುದು. ಲೆಕ್ಕದ ನೋಟುಬುಕ್ಕಿನ ಹಿಂದೆ ನಾನು ಬರೆದಿದ್ದ ಆಲದ ಮರಕ್ಕೆ ಅವರು ಕೆಂಪು ಮಸಿಯಿಂದ ಅಡ್ಡಗೆರೆ ಎಳೆದದ್ದು ನೆನಪಿದೆ.

ಹೆಂಡತಿ ಮರುದಿನವೇ ಪೇಟೆಗೆ ಹೋಗಿ ಬಣ್ಣದ ಟ್ಯೂಬು, ಬ್ರಶ್ಶು, ದಪ್ಪ ಹಾಳೆ ತಂದಳು. ಕೈಗೆ ಕೊಡುವಾಗ ಒಂದು ಮಾತೂ ಸೇರಿಸಿದಳು. “ಮನುಷ್ಯಾರ್ನ ಬರೀಲಿಕ್ಕೆ ಹೋಗಬ್ಯಾಡ್ರಿ, ಅವರ ಕೂಡನೂ ಜಗಳಾ ತಗೀತೀರಿ. ಗಿಡಾ ಬರೀರಿ. ಅದು ತಿರುಗಿ ಮಾತಾಡೂದಿಲ್ಲ.”

ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುವುದು. ಆಕೆ ಚೇಷ್ಟೆಗೆ ಅಂದದ್ದನ್ನು ನಾನು ವ್ರತದಂತೆ ಹಿಡಿದೆ.

ಮೊದಲು ಬಾದಾಮಿಗೆ ಹೋದೆ, ಆಕೆಯ ತವರು ಅಲ್ಲಿಯೇ. ಹೊಂಡದ ದಂಡೆಯಲ್ಲಿ ಕೂತು ಗುಡ್ಡದ ಬಿರುಕಿನಲ್ಲಿ ಬೆಳೆದ ಒಂದು ಅತ್ತಿ ಗಿಡ ಬರೆಯುತ್ತಿದ್ದಾಗ ಮಂಗವೊಂದು ಬಂದು ಬ್ರಶ್ಶು ಕಸಿದುಕೊಂಡು ಹೋಯಿತು. ಆಮೇಲೆ ಮಹಾಕೂಟಕ್ಕೆ ಹೋದೆ. ಅಲ್ಲಿ ಮಂಗಗಳಿಗಿಂತ ಭಕ್ತರ ಕಾಟ ಜಾಸ್ತಿ. ಒಬ್ಬರು ಬೇರು ದಪ್ಪಾಯಿತು ಅಂದರು, ಇನ್ನೊಬ್ಬರು ನಮ್ಮ ಹುಡುಗಿಯದೂ ಒಂದು ಬರೆದುಕೊಡಿ ಅಂದರು. ಮತ್ತೆ ತಲೆ ಬಿಸಿಯಾಗತೊಡಗಿತು. ಜನ ಇಲ್ಲದ ಕಡೆ ಇರುವ ಮರ ಬೇಕು ಎಂದು ಹುಡುಕುತ್ತ ಹುಡುಕುತ್ತ, ಕಮತಗಿ ದಾಟಿ ಹುನಗುಂದದ ರಸ್ತೆಯ ಒಂದು ತಿರುವಿನಲ್ಲಿ ಆ ಬೇವಿನ ಮರ ಸಿಕ್ಕಿತು.

ಇಬ್ಬರು ತಬ್ಬುವಷ್ಟು ಬೊಡ್ಡೆ. ಒಂದು ಕೊಂಬೆ ನೆಲಕ್ಕೆ ಬಾಗಿ, ಮುಟ್ಟುವಷ್ಟರಲ್ಲಿ ಮನಸ್ಸು ಬದಲಿಸಿ ಮೇಲಕ್ಕೆದ್ದಿತ್ತು. ಹಿಂದೆ ಕರೀ ಎರೆಹೊಲ, ಅದರಾಚೆ ಬಯಲು. ಆ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತ ಮೊದಲ ಭಾನುವಾರವೇ ನನ್ನೊಳಗೆ ಏನೋ ಒಂದು ಸಡಿಲಾಯಿತು. ಬೇವಿನ ಎಲೆಯ ಹಸಿರು ಒಂದೇ ಹಸಿರಲ್ಲ ಎಂಬುದು ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ತಿಳಿಯಿತು. ಬಿಸಿಲು ಬಿದ್ದ ಕಡೆ ಹಳದಿ ಹೆಚ್ಚು, ಒಳಗಿನ ಎಲೆಗಳಲ್ಲಿ ನೀಲಿ ಹೆಚ್ಚು, ಯುಗಾದಿಯ ಸುಮಾರಿಗೆ ಚಿಗುರುವಾಗ ತಾಮ್ರದ ಬಣ್ಣ. ಬಣ್ಣ ಕಲಸುತ್ತ, ಹಚ್ಚುತ್ತ, ಕಣ್ಣು ಕಿರಿದು ಮಾಡಿ ನೋಡುತ್ತ ಒಂದು ಕೊಂಬೆ ಮುಗಿಯುವಷ್ಟರಲ್ಲಿ ಹೆಡ್‌ಮಾಸ್ತರರು ಶನಿವಾರ ಅಂದ ಮಾತು ಮರೆತೇಹೋಗಿರುತ್ತಿತ್ತು. ಭಾನುವಾರ ಸಂಜೆ ಸಾರಿಗೆ ಉಪ್ಪು ಕಡಿಮೆಯಿದ್ದರೂ ನಾನು ಸುಮ್ಮನೆ ಉಣ್ಣುತ್ತಿದ್ದೆ. ಹೆಂಡತಿ ಪರೀಕ್ಷೆಗೆಂದು ಒಮ್ಮೆ ಬೇಕೆಂತಲೇ ಉಪ್ಪು ಬಿಟ್ಟಿದ್ದಳಂತೆ. ಈ ನೆಮ್ಮದಿ ಸುಳ್ಳಲ್ಲ. ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಜನವೇ ಇಲ್ಲ ಅಂದುಕೊಂಡಿದ್ದ ಆ ಜಾಗದಲ್ಲಿ ಒಬ್ಬಳು ಅಜ್ಜಿ ಇದ್ದಳು. ಹೊಲದ ಆ ಬದಿಯ ಮನೆ ಅವರದು, ಕುರಿ ಸಾಕುವವರು. ದಿನಾ ಮುಂಜಾನೆ ಬಂದು ಮರದ ಬುಡದ ಕಲ್ಲುಗಳಿಗೆ ಭಂಡಾರ, ಎಂದರೆ ಅರಿಸಿನದ ಪುಡಿ, ಹಚ್ಚಿ, ಕಂಬಳಿ ಹಾಸಿಕೊಂಡು ಅಲ್ಲೇ ಕೂರುತ್ತಿದ್ದಳು. ಆ ಕಲ್ಲುಗಳೇ ಅವರ ಬೀರಪ್ಪ. ಅವರು ಹೆಸರು ಹೇಳುವುದು ಕಡಿಮೆ, ಅಪ್ಪ ಅನ್ನುವುದೇ ಹೆಚ್ಚು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ನೆರಳು, ಎದುರಿಗೆ ಯಾರೋ ನಿಂತದ್ದು, ಇಷ್ಟು ಮಾತ್ರ ತಿಳಿಯುತ್ತಿತ್ತು. ನನ್ನ ಗಾಡಿಯ ಸಪ್ಪಳ ಕೇಳಿದರೆ ಮಾಸ್ತರ ಬಂದ ಅನ್ನುತ್ತಿದ್ದಳು. ತಂಬಿಗೆಯಲ್ಲಿ ಮಜ್ಜಿಗೆ ಕೊಡುತ್ತಿದ್ದಳು. ನಾನು ಎದುರಿಗೆ ಯವ್ವಾ ಅನ್ನುತ್ತಿದ್ದೆ, ಮನೆಗೆ ಬಂದು ಹೆಂಡತಿಯ ಮುಂದೆ ಆ ಮುದುಕಿ ಅನ್ನುತ್ತಿದ್ದೆ.

ನಾನು ಬರೆಯುವಾಗ ಆಕೆ ಏನೇನೋ ಹೇಳುತ್ತಿದ್ದಳು. ಅವರ ಮಾವನ ಕಾಲದಲ್ಲಿ ಐದು ಜನ ಅಣ್ಣತಮ್ಮಂದಿರು ಬೇರೆಯಾದರಂತೆ. ಮನೆ ಐದಾದರೂ ದೇವರ ಮುಂದೆ ಒಂದೇ ಇರಬೇಕೆಂದು ಒಬ್ಬೊಬ್ಬರು ಒಂದೊಂದು ಕಲ್ಲು ಹೊತ್ತುತಂದು ಆ ಬೇವಿನ ಬುಡಕ್ಕೆ ಇಟ್ಟರಂತೆ. ಎರಡು ಮನೆಯವರು ಆಮೇಲೆ ದೂರದ ಊರಿಗೆ ಹೋದರು, ಆದರೂ ಅವರ ಕಲ್ಲಿಗೆ ಭಂಡಾರ ಹಚ್ಚುವುದು ಈಕೆ ಬಿಟ್ಟಿರಲಿಲ್ಲ. ಇದೆಲ್ಲ ನನಗೆ ಈಗ ಸ್ಪಷ್ಟವಾಗಿ ಗೊತ್ತು. ಆಗ ಹೂಂ ಹೂಂ ಅನ್ನುತ್ತ ಹಸಿರಿಗೆ ನೀಲಿ ಬೆರೆಸುತ್ತಿದ್ದೆ.

ನನ್ನ ಚಿತ್ರಕ್ಕೆ ಆಕೆ ಅಡ್ಡವಾಗುತ್ತಿದ್ದಳು. ಸವೆದ ಇಳಕಲ್ ಸೀರೆಯ ಕೆಂಪು ಸೆರಗು ಆ ತಣ್ಣನೆಯ ಹಸಿರಿನ ನಡುವೆ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ದಿನ ಸ್ವಲ್ಪ ಆಕಡೆ ಸರಿಯುತ್ತೀರಾ ಎಂದು ಕೇಳಿದೆ. ಅಜ್ಜಿ ಕಂಬಳಿ ಎಳೆದುಕೊಂಡು ಹೊಲದ ಬದುವಿಗೆ ಹೋಗಿ ಕೂತಳು. ಅಲ್ಲಿ ಬಿಸಿಲು. ನಾನು ನೆರಳನ್ನು ಬರೆಯುತ್ತ ಕೂತಿದ್ದೆ, ಆ ನೆರಳಿನಲ್ಲಿ ಕೂರಬೇಕಾದವಳು ಬಿಸಿಲಲ್ಲಿ ಕೂತಿದ್ದಳು. ಆಮೇಲಿನ ಭಾನುವಾರಗಳಲ್ಲಿ ಕೇಳುವ ಅಗತ್ಯವೂ ಬರಲಿಲ್ಲ. ಗಾಡಿ ನಿಲ್ಲಿಸಿದ ಸಪ್ಪಳಕ್ಕೇ ಎದ್ದು ಸರಿದು ಕೂರುತ್ತಿದ್ದಳು.

ಕಲ್ಲುಗಳನ್ನು ಸರಿಸಲು ಬರುವಂತಿರಲಿಲ್ಲ. ಆ ಹಳದಿ ನನ್ನ ಹಸಿರನ್ನು ಕೆಡಿಸುತ್ತದೆ ಅನ್ನಿಸಿತು. ಅವು ಇದ್ದ ಕಡೆ ಹುಲ್ಲು ಬರೆದೆ.

ಚಿತ್ರ ಮುಗಿದ ದಿನ ಅಜ್ಜಿ ಹತ್ತಿರ ಬಂದು ಹಾಳೆಗೆ ಮುಖ ತಾಗುವಷ್ಟು ಬಾಗಿ ನೋಡಿದಳು. ಗಿಡ ನಿಂತಂಗ ಐತಿ ಎಂದು ಮೆಚ್ಚಿದಳು. ಆಮೇಲೆ ಕೇಳಿದಳು. “ನಮ್ಮಪ್ಪನ್ನ ಬರದೀರೇನ್ರಿ ಮಾಸ್ತರ?”

ನಾನು ಹೂಂ ಅಂದೆ.

ಯಾಕೆ ಹಾಗೆ ಅಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ದೊಡ್ಡ ಕಾರಣ ಏನೂ ಇಲ್ಲ. ಕುರ್ಚಿ ಮಡಚಿಯಾಗಿತ್ತು, ಹಸಿವಾಗಿತ್ತು. ಬರೆದಿಲ್ಲ ಅಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಕಾಣದವಳಿಗೆ ಹೂಂ ಅಂದರೆ ಏನು ಹೋಗುತ್ತದೆ ಅಂದುಕೊಂಡೆ. ಆಕೆ ಎರಡೂ ಕೈ ಜೋಡಿಸಿ ನನ್ನ ಚಿತ್ರಕ್ಕೆ ನಮಸ್ಕಾರ ಮಾಡಿದಳು. ಸೆರಗಿನ ಗಂಟಿನಿಂದ ಭಂಡಾರ ತೆಗೆದು ಹಾಳೆಯ ಕೆಳಮೂಲೆಗೆ ಹೆಬ್ಬೆರಳಿನಿಂದ ಒತ್ತಿದಳು. ಮನೆಗೆ ಬಂದು ಚೌಕಟ್ಟು ಹಾಕಿಸುವ ಮುಂಚೆ, ಆ ಹಳದಿ ಬೆರಳಿನ ಗುರುತು ಇದ್ದ ಅಂಚನ್ನು ಅಳತೆಪಟ್ಟಿ ಇಟ್ಟು ನೀಟಾಗಿ ಕತ್ತರಿಸಿ ತೆಗೆದೆ.

ಆ ವರ್ಷ ಬಾಗಲಕೋಟೆಯಲ್ಲಿ ಶಿಕ್ಷಕರ ಕೈಕೆಲಸಗಳ ಒಂದು ಪ್ರದರ್ಶನ ನಡೆಯಿತು. ನನ್ನ ಬೇವಿನ ಮರಕ್ಕೆ ಬಹುಮಾನ ಬಂತು. ಚಿತ್ರದ ಕೆಳಗೆ ಅಂಟಿಸಲು ಒಂದು ಚೀಟಿಯಲ್ಲಿ ಎರಡು ಸಾಲು ಬರೆದುಕೊಡಿ ಎಂದಿದ್ದರು. ನಾನು ಬಹಳ ಯೋಚಿಸಿ ಬರೆದದ್ದು ಇದು: ಇಲ್ಲಿ ಜನರಿಲ್ಲ, ದೇವರಿಲ್ಲ, ಗದ್ದಲವಿಲ್ಲ. ಬರೀ ಮರ, ಬರೀ ನೆಮ್ಮದಿ. ಓದಿದವರು ತಲೆದೂಗಿದರು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ನಾನು ಚಿತ್ರದ ಪಕ್ಕದಲ್ಲೇ ಕೈಕಟ್ಟಿ ನಿಂತು, ಇನ್ನೂ ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡುತ್ತಿದ್ದೆ. ಚಿತ್ರವನ್ನು ಹೆಡ್‌ಮಾಸ್ತರರು ತಮ್ಮ ಕೋಣೆಯಲ್ಲಿ ಹಾಕಿಕೊಂಡರು. ನಾನು ಬೇರೆ ಮರಗಳಿಗೆ ಹೋದೆ. ಆ ತಿರುವಿನಲ್ಲಿ ಮತ್ತೆ ಗಾಡಿ ನಿಲ್ಲಿಸಲಿಲ್ಲ.

ಒಂದೂವರೆ ವರ್ಷ ಕಳೆದ ಮೇಲೆ ಅಜ್ಜಿಯ ಮಗ ಶಾಲೆಯಲ್ಲಿ ವಿಚಾರಿಸಿಕೊಂಡು ನಮ್ಮ ಮನೆಗೆ ಬಂದ. ನಲವತ್ತರ ಆಸುಪಾಸಿನ ಗಂಡಸು, ಮಾತು ಕಡಿಮೆ. ಒಂದು ಡಬ್ಬಿ ಬೆಣ್ಣೆ ತಂದಿದ್ದ. ವಿಷಯ ಹೀಗಿತ್ತು. ರಸ್ತೆ ಅಗಲ ಮಾಡುತ್ತಾರೆ, ಮರಕ್ಕೆ ಕೆಂಪು ಬಣ್ಣದಲ್ಲಿ ನಂಬರು ಹಾಕಿದ್ದಾರೆ. ರಸ್ತೆಯ ಆಚೆ ಬದಿಗೆ ಸರಕಾರದ ಭೂಮಿಯೇ ಬೀಳುಬಿದ್ದಿದೆ, ರಸ್ತೆಯ ಗೆರೆಯನ್ನು ಆಕಡೆ ಸ್ವಲ್ಪ ಸರಿಸಿದರೆ ಮರವೂ ಉಳಿಯುತ್ತದೆ, ದೇವರೂ ಉಳಿಯುತ್ತಾನೆ. ಮನೆಯವರು ಹುನಗುಂದದ ಕಚೇರಿಗೆ ಹೋಗಿ ಅರ್ಜಿ ಕೊಟ್ಟಿದ್ದಾರೆ. ಆದರೆ ರಸ್ತೆ ಅಗಲವಾಗುತ್ತದೆ ಎಂದು ತಿಳಿದ ಕೂಡಲೇ ರಾತ್ರೋರಾತ್ರಿ ಕಲ್ಲು ನಿಲ್ಲಿಸಿ ಅರಿಸಿನ ಬಳಿದು ದೇವರು ಅನ್ನುವವರು ಈಗೀಗ ಬಹಳ. ನಿಮ್ಮ ದೇವರು ಮೊದಲಿನಿಂದ ಇದ್ದಾನೆ ಎನ್ನುವುದಕ್ಕೆ ಏನಾದರೂ ಆಧಾರ ತೋರಿಸಿ, ಗೆರೆ ಸರಿಸಲು ನಾನೇ ಬರೆಯುತ್ತೇನೆ ಎಂದು ಸ್ಥಳಕ್ಕೆ ಬಂದ ಅಧಿಕಾರಿ ಹೇಳಿದ್ದಾರೆ. ಸೋಮವಾರ ಅವರು ಮತ್ತೆ ಮರದ ಹತ್ತಿರ ಬರುತ್ತಾರೆ. ಅವರ ಮನೆಯಲ್ಲಿ ಒಂದು ಫೋಟೋ ಇಲ್ಲ. ಮನೆದೇವರ ಫೋಟೋ ಯಾರು ತೆಗೆಯುತ್ತಾರೆ.

“ಅವ್ವ ಅಂದ್ಲ್ರಿ, ಮಾಸ್ತರ ಬರದಾರ, ಅದ್ರಾಗ ಅಪ್ಪ ಅದಾನ ಅಂತ,” ಎಂದ.

ಆಗಲೇ ಹೇಳಬೇಕಿತ್ತು. ನಾನು ಕಲ್ಲು ಬರೆದಿಲ್ಲಪ್ಪ, ಆದರೆ ಎರಡು ತಿಂಗಳು ಪ್ರತಿ ಭಾನುವಾರ ಕಣ್ಣಾರೆ ನೋಡಿದ್ದೇನೆ, ಬಂದು ಅಧಿಕಾರಿಯ ಮುಂದೆ ಹೇಳುತ್ತೇನೆ, ಬೇಕಾದರೆ ಬರೆದು ಸಹಿ ಮಾಡುತ್ತೇನೆ ಅಂದಿದ್ದರೆ ಸಾಕಿತ್ತು. ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿದವನ ಮಾತಿಗೆ ನಮ್ಮ ಕಡೆ ಇನ್ನೂ ಬೆಲೆಯಿದೆ. ಆದರೆ ಹಾಗೆ ಹೇಳಿದರೆ ಅವರವ್ವನಿಗೆ ನಾನು ಸುಳ್ಳು ಹೇಳಿದ್ದೆ ಎಂಬುದೂ ಹೊರಬೀಳುತ್ತಿತ್ತು. ಕುರುಡಿಯೆಂದು ತಿಳಿದು ಹೂಂ ಅಂದವನು ಅನ್ನಿಸಿಕೊಳ್ಳಲು ನಾನು ತಯಾರಿರಲಿಲ್ಲ. ಚಿತ್ರ ಶಾಲೆಯಲ್ಲಿದೆ, ಸೋಮವಾರ ಮುಂಜಾನೆ ತರುತ್ತೇನೆ ಎಂದೆ. ಅವನು ಬಗ್ಗಿ ಕಾಲು ಮುಟ್ಟಿ ಹೋದ.

ಶನಿವಾರ ಮಧ್ಯಾಹ್ನ ಚಿತ್ರವನ್ನು ಮನೆಗೆ ತಂದೆ. ಹೆಂಡತಿ ತವರಿಗೆ ಹೋಗಿದ್ದಳು. ಚೌಕಟ್ಟು ಬಿಚ್ಚಿ, ಚಿತ್ರವನ್ನು ಮೇಜಿನ ಮೇಲೆ ಹಾಸಿ, ಹಳದಿ ಕಲಸಿದೆ. ಇದರಲ್ಲಿ ಸುಳ್ಳೇನಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಇದ್ದದ್ದನ್ನೇ ಬರೆಯುತ್ತಿದ್ದೇನೆ, ತಡವಾಗಿ ಬರೆಯುತ್ತಿದ್ದೇನೆ, ಅಷ್ಟೇ. ಕಲ್ಲು ಎಷ್ಟಿದ್ದವು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಎಲೆಗಳ ಹಸಿರು ನೆನಪಿಗೆ ಬಂತು, ಬಾಗಿದ ಕೊಂಬೆ ಬಂತು, ಕಲ್ಲು ಬರಲಿಲ್ಲ. ಮೂರು ಇದ್ದಂತೆ ಅನ್ನಿಸಿತು. ಮೂರು ಬರೆದೆ. ಒಣಗಿದ ಮೇಲೆ ಸ್ವಲ್ಪ ಮಣ್ಣಿನ ಬಣ್ಣ ತಿಕ್ಕಿ ಹಳತು ಮಾಡಿದೆ. ಆ ಮರದ ಮುಂದೆ ಕೂತು ಸಿಕ್ಕಿದ್ದ ನೆಮ್ಮದಿಯಲ್ಲಿ ಒಂದು ಹನಿಯೂ ಆ ಮಧ್ಯಾಹ್ನ ಸಿಗಲಿಲ್ಲ.

ಸೋಮವಾರ ರಜೆ ಹಾಕಿ ಕಮತಗಿಯ ದಾರಿ ಹಿಡಿದೆ. ಮರದ ಕೆಳಗೆ ಅಜ್ಜಿ ಕಂಬಳಿಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಮಗ. ನನ್ನ ಗಾಡಿಯ ಸಪ್ಪಳ ಕೇಳಿ ಅಜ್ಜಿ ಅಭ್ಯಾಸಬಲದಿಂದ ಎದ್ದು ಆಚೆ ಸರಿಯಲು ಹೋದಳು. ಕೂತುಕೊಳ್ಳಿ ಯವ್ವಾ ಎಂದೆ.

ಅಧಿಕಾರಿ ಆಗಲೇ ಬಂದು ಕೂತಿದ್ದರು, ಹೆಣ್ಣುಮಗಳು, ಮೂವತ್ತು ದಾಟಿರಲಿಕ್ಕಿಲ್ಲ. ನಾನು ಮಾಸ್ತರ ಎಂದು ತಿಳಿದು ಎದ್ದುನಿಂತು ನಮಸ್ಕಾರ ಮಾಡಿದರು. ಚಿತ್ರದ ಮೇಲಿನ ಬಟ್ಟೆ ಸರಿಸಿದ ಕೂಡಲೇ ಅವರ ಮುಖ ಅರಳಿತು. ಈ ಚಿತ್ರ ಬರೆದವರು ನೀವಾ ಎಂದು ಕೇಳಿದರು. ಪ್ರದರ್ಶನಕ್ಕೆ ಅವರೂ ಬಂದಿದ್ದರು, ಫೋಟೋ ತೆಗೆದುಕೊಂಡಿದ್ದರು. ಕೆಲಸದಲ್ಲಿ ತಲೆ ಕೆಟ್ಟಾಗಲೆಲ್ಲ ಅದನ್ನೇ ತೆಗೆದು ನೋಡುತ್ತಾರಂತೆ. ಅದು ಇದೇ ಮರ ಎಂದು ಮಾತ್ರ ಹೊಳೆದಿರಲಿಲ್ಲವಂತೆ. ದಿನಾ ಮರ ಕಡಿಸುವ ಕಾಗದಕ್ಕೆ ಸಹಿ ಮಾಡುವವರಿಗೆ ಇಂಥದ್ದೊಂದು ಬೇಕಾಗುತ್ತದೆ ಎಂದು ನಕ್ಕರು. ತೋರಿಸಬೇಕೆಂಬ ಸಂತೋಷದಲ್ಲೇ ಮೊಬೈಲು ತೆಗೆದು ಹುಡುಕಿದರು. ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮೊಬೈಲನ್ನು ಚಿತ್ರದ ಪಕ್ಕ ಹಿಡಿದವರು ನಗು ನಿಲ್ಲಿಸಿದರು. ಅದನ್ನೊಮ್ಮೆ, ಇದನ್ನೊಮ್ಮೆ ನೋಡಿದರು. ಫೋಟೋದಲ್ಲಿ ಹುಲ್ಲು, ಚಿತ್ರದಲ್ಲಿ ಹಳದಿ ಕಲ್ಲು. ಫೋಟೋದಲ್ಲಿ ನಾನು ಕೆಳಗೆ ಬರೆದಿದ್ದ ಸಾಲುಗಳೂ ಇದ್ದವು.

“ಸರ್, ಇಲ್ಲಿ ದೇವರಿಲ್ಲ ಅಂತ ನೀವ ಬರದೀರಿ,” ಎಂದರು. ದನಿ ಏರಿಸಲಿಲ್ಲ.

ಅಷ್ಟರಲ್ಲಿ ಮಗ ಚಿತ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದ. ಅವನಿಗೆ ಮೊಬೈಲಿನ ವಿಷಯ ಇನ್ನೂ ಹೊಳೆದಿರಲಿಲ್ಲ. ಬೆರಳಿಟ್ಟು ಎಣಿಸಿ, ತಿರುಗಿ ಮರದ ಬುಡ ನೋಡಿ, ನನ್ನನ್ನು ಕೇಳಿದ. “ಎರಡ ಮನಿ ಎಲ್ಲಿ ಹೋದುವ್ರಿ ಸರ?”

ಮರದ ಬುಡದಲ್ಲಿ ಐದು ಕಲ್ಲಿದ್ದವು. ಎಣಿಕೆ ಕಲಿಸುವುದೇ ನನ್ನ ಹೊಟ್ಟೆಪಾಡು, ಎರಡು ತಿಂಗಳು ಎದುರಿಗೆ ಕೂತು ಐದು ಕಲ್ಲು ಎಣಿಸಿರಲಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿದ ಎಷ್ಟು ಮಕ್ಕಳನ್ನು ನಾನು ಬೆಂಚಿನಿಂದ ಎಬ್ಬಿಸಿ ನಿಲ್ಲಿಸಿದ್ದೇನೆ. ಆಗ ಅವರ ಮುಖ ಹೇಗಿರುತ್ತಿತ್ತೋ ನನ್ನ ಮುಖವೂ ಹಾಗೇ ಇದ್ದಿರಬೇಕು.

ಆಗ ನಿಜ ಹೇಳಿದೆ. ಕಲ್ಲು ಮೊನ್ನೆ ಬರೆದದ್ದು ಖರೆ, ಆದರೆ ಕಲ್ಲು ಆಗಲೂ ಇದ್ದವು, ನಾನೇ ಬಿಟ್ಟಿದ್ದೆ, ಕಣ್ಣಾರೆ ನೋಡಿದ್ದೇನೆ, ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ ಎಂದೆ. ಅಧಿಕಾರಿ ಪೂರ್ತಿ ಕೇಳಿಸಿಕೊಂಡರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಈಗ ನಾ ನಿಮ್ಮ ಯಾವ ಮಾತು ನಂಬಬೇಕ್ರಿ ಸರ್?”

ಅವರು ಕಾಗದದಲ್ಲಿ ಏನೋ ಬರೆದುಕೊಂಡರು. ಹಳೆಯ ದೇವಸ್ಥಾನ ಎನ್ನುವುದಕ್ಕೆ ಆಧಾರವಿಲ್ಲ, ಗೆರೆ ಹಾಗೇ ಇರುತ್ತದೆ, ಕಲ್ಲುಗಳನ್ನು ತೆಗೆದುಕೊಂಡು ಹೋಗಲು ಹದಿನೈದು ದಿನ ಕೊಡುತ್ತೇನೆ ಎಂದು ಮಗನಿಗೆ ಹೇಳಿದರು. ಹೋಗುವ ಮುಂಚೆ ಮೊಬೈಲಿನಲ್ಲಿ ಆ ಫೋಟೋವನ್ನು ಅಳಿಸಿದರು. ನಾನು ನೋಡಲಿ ಎಂದಲ್ಲ, ಆದರೆ ನನಗೆ ಕಾಣಿಸಿತು.

ಮಗ ನನ್ನ ಕಡೆ ನೋಡಲಿಲ್ಲ. ಅಜ್ಜಿ ಮಾತ್ರ ನನ್ನ ದನಿ ಬಂದ ದಿಕ್ಕಿಗೆ ತಿರುಗಿ, ಬಿಸಿಲಾಗೈತಿ, ಮಜ್ಜಿಗಿ ಕುಡಿದು ಹೋಗ್ರಿ ಮಾಸ್ತರ ಎಂದಳು. ಕುಡಿದೆ. ಒಲ್ಲೆ ಅನ್ನುವ ಮುಖವೂ ನನಗಿರಲಿಲ್ಲ.

ಮರ ಕಡಿದ ದಿನ ನಾನು ಹೋಗಲಿಲ್ಲ. ಆಮೇಲೊಮ್ಮೆ ಇಳಕಲ್ಲಿನಲ್ಲಿ ಒಂದು ಮದುವೆಯಿತ್ತು. ಬಸ್ಸು ಕಮತಗಿ ದಾಟಿದ ಕೂಡಲೇ ಪೇಪರು ಬಿಡಿಸಿ ಮುಖಕ್ಕೆ ಹಿಡಿದೆ. ಆ ತಿರುವಿನಲ್ಲಿ ಪೇಪರಿನ ಮೇಲೆ ಮರದ ನೆರಳು ಬೀಳಬೇಕಿತ್ತು, ಬಿಸಿಲು ಹಾಗೇ ಇತ್ತು. ಪಕ್ಕದಲ್ಲಿದ್ದ ಹೆಂಡತಿ ಕಿಟಕಿಯಿಂದ ನೋಡಿ, ನಿಮ್ಮ ಗಿಡಾ ಹೋಗ್ಯದಲ್ಲ ಎಂದಳು. ಹೌದು ಎಂದೆ. ಅರ್ಧ ಕತೆ ಅವತ್ತು ಹೇಳಿದೆ. ಹೂಂ ಅಂದದ್ದನ್ನೂ, ಅಂಚು ಕತ್ತರಿಸಿದ್ದನ್ನೂ ಹೇಳಲಿಲ್ಲ.

ಆ ಮೇಲೆ ಬ್ರಶ್ಶು ಹಿಡಿಯಲಾಗಲಿಲ್ಲ. ಸಿಟ್ಟು ಮತ್ತೆ ಬರತೊಡಗಿತು, ಗುಳಿಗೆ ಎರಡಾಯಿತು. ಒಂದು ಭಾನುವಾರ ತಡೆಯಲಾಗದೆ ಚಿತ್ರವನ್ನು ಗಾಡಿಗೆ ಕಟ್ಟಿಕೊಂಡು ಹೊರಟೆ. ಮರವಂತೂ ಹೋಯಿತು, ಮರದ ಚಿತ್ರವನ್ನಾದರೂ ಅವರಿಗೇ ಕೊಟ್ಟುಬಿಡೋಣ ಅಂದುಕೊಂಡೆ. ಅದರಿಂದ ನನ್ನ ಭಾರ ಇಳಿಯಬಹುದು ಎಂಬ ಲೆಕ್ಕವೂ ಇತ್ತು, ಇಲ್ಲವೆನ್ನಲಾರೆ.

ಐದೂ ಕಲ್ಲುಗಳನ್ನು ಮನೆಯ ಹಿಂದಿನ ಹೊಲದ ಬದುವಿಗೆ ತಂದು ಇಟ್ಟಿದ್ದರು. ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಬೇವಿನ ಸಸಿ, ಕುರಿ ತಿನ್ನದಂತೆ ಸುತ್ತ ಜಾಲಿಮುಳ್ಳು. ಅಜ್ಜಿ ಬಿಸಿಲಲ್ಲೇ ಕಂಬಳಿ ಹಾಸಿಕೊಂಡು ಕೂತಿದ್ದಳು. ನಾನು ಮಾತಾಡುವ ಮುಂಚೆಯೇ, ಮಾಸ್ತರ ಇಷ್ಟ ಕೆಂಪಗ ಅದೀರೇನ್ರಿ ಎಂದಳು. ಎರಡು ತಿಂಗಳ ಹಿಂದೆ ಬಾಗಲಕೋಟೆಯ ದವಾಖಾನೆಯಲ್ಲಿ ಪೊರೆ ತೆಗೆಸಿದ್ದರಂತೆ. ನನ್ನ ಮುಖವನ್ನು ಆಕೆ ನೋಡಿದ್ದು ಅದೇ ಮೊದಲು.

ಚಿತ್ರ ಕೈಗೆ ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು, ಗಾಜನ್ನು ಸೆರಗಿನಿಂದ ಒರೆಸಿ, ಬಹಳ ಹೊತ್ತು ನೋಡಿದಳು. ಬಾಗಿ ಮೇಲೆದ್ದ ಕೊಂಬೆಯ ಮೇಲೆ ಬೆರಳಾಡಿಸಿದಳು. ಮೂರು ಕಲ್ಲುಗಳ ಮೇಲೆ ಬೆರಳು ಸ್ವಲ್ಪ ನಿಂತಿತು. ಆಮೇಲೆ ಬೆರಳು ಹುಲ್ಲಿನ ಮೇಲೆ ಆಕಡೆ ಈಕಡೆ ಹುಡುಕಾಡಿತು.

“ನಾ ಇಲ್ಲೇ ಕುಂದರ್ತಿದ್ನೆಲ್ರಿ. ನಾ ಎಲ್ಲಿ ಅದೀನ್ರಿ?”

ಈ ಸಲ ಹೂಂ ಅನ್ನಲು ಬರುವಂತಿರಲಿಲ್ಲ. ಆಕೆಗೆ ಈಗ ಕಾಣುತ್ತಿತ್ತು.

“ನಿಮ್ಮನ್ನ ಬರದಿಲ್ಲ ಯವ್ವಾ,” ಎಂದೆ. “ಅಪ್ಪನ್ನೂ ಆಗ ಬರದಿರಲಿಲ್ಲ. ಬರದೇನಿ ಅಂತ ಸುಳ್ಳ ಹೇಳಿದ್ದೆ.”

ಅಜ್ಜಿ ತಲೆಯಾಡಿಸಿದಳು. ಗೊತ್ತಿತ್ತೋ ಏನೋ, ಈಗಲೂ ನನಗೆ ತಿಳಿಯದು. ಸಿಟ್ಟು ಮಾಡಲಿಲ್ಲ, ಕಣ್ಣೀರು ಹಾಕಲಿಲ್ಲ. ಚಿತ್ರವನ್ನು ಇನ್ನೊಮ್ಮೆ ಒರೆಸಿ ನನ್ನ ಕಡೆಗೇ ಚಾಚಿದಳು.

“ನಮ್ಮವ್ರು ಯಾರೂ ಇಲ್ಲರಿ ಇದ್ರಾಗ. ನೀವ ಒಯ್ರಿ.”

ಒಯ್ದೆ. ಶಾಲೆಗೆ ಕೊಡದೆ ನಮ್ಮ ಬಾಗಿಲಿಗೆ ಎದುರಾಗಿ ತೂಗುಹಾಕಿದೆ. ಬಂದವರಲ್ಲಿ ಕೆಲವರು ಬುಡದಲ್ಲಿರುವ ಹಳದಿಯನ್ನು ನೋಡಿ, ಹೂವೇನ್ರಿ ಎಂದು ಕೇಳುತ್ತಾರೆ. ಕಲ್ಲು ಅನ್ನುತ್ತೇನೆ. ಅವರು ಕೇಳದಿದ್ದರೂ ಐದಿದ್ದವು ಅನ್ನುತ್ತೇನೆ. ಅಲ್ಲಿ ಒಬ್ಬಾಕೆ ಕೂರುತ್ತಿದ್ದಳು ಎಂದು ಹೇಳಬೇಕೆಂದು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ, ಆಮೇಲೆ ಚಹಾ ತರುತ್ತೇನೆಂದು ಒಳಗೆ ಹೋಗುತ್ತೇನೆ.